ಇಲಿಗೆ ವಾಸಿಯಾಯಿತಂತೆ, ಪಾಪುಗೆ ಯಾವಾಗ ಅಕ್ಕ?

ಮೂರು ವಾರದ ಹಿಂದೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಯಲ್ಲಿ ಬಸ್ ಇಳಿದು, ಒಳಗೆ ಒಂದೂವರೆ ಕಿಲೋಮೀಟರ್ ನಡೆದರೆ ನಮ್ಮ ಊರು. ಮನೆಯಲ್ಲಿ ಹುಳ ಆಗತಾನೇ ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳ ಹಳೇ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಸುಮಾರು ಒಂದು ದಿನ ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಕೂತಿರುತ್ತದೆ. ಹಾಗೆ ನಾಲ್ಕು ಸಲ. ನಾಲ್ಕನೇದು ಮುಗಿಸಿ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು.

ನಾನು ಹುಳದ ಮನೆ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿಗೆ ಕಾಲು ಅದ್ದುತ್ತಿದ್ದೆ. ಅಷ್ಟರಲ್ಲಿ ಚಿಕ್ಕಮ್ಮನ ಮಗಳು ಬಂದಳು. ಓಡಿಕೊಂಡೇ ಬಂದಿದ್ದಳು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಸುದ್ದಿ. ಚರ್ಮದಲ್ಲಿ ಬೊಬ್ಬೆ ಬರುವ ಕಾಯಿಲೆಗೆ ಕೊಟ್ಟ ಔಷಧಿ ಇಲಿಗಳಲ್ಲಿ ಕೆಲಸ ಮಾಡಿದೆ ಅಂತ ನಾಲ್ಕು ಸಾಲು, ಒಂದು ಬಿಳಿ ಇಲಿಯ ಚಿತ್ರ.

"ಅಕ್ಕ, ನೀನು ಕೆಲಸ ಮಾಡೋದು ಇಲಿ ಜೊತೇನೇ ಅಲ್ವಾ? ಇಲಿಗೆ ವಾಸಿ ಆಯ್ತಂತೆ. ನಮ್ಮ ಪಾಪುಗೆ ಯಾವಾಗ?"

ಆವತ್ತು ನಾನು ಏನೋ ಹೇಳಿ ಮಾತು ಬದಲಾಯಿಸಿದೆ. ಅದು ತಪ್ಪು ಅಂತ ವಾಪಸ್ ಬರುವಾಗ ಬಸ್ಸಲ್ಲಿ ಅನ್ನಿಸಿತು. ವಿಜಯಪುರ ದಾಟಿ ದೇವನಹಳ್ಳಿ ಬರುವವರೆಗೂ ಅದೇ ಯೋಚನೆ. ಅವಳ ಪ್ರಶ್ನೆ ನೇರವಾಗಿತ್ತು. ಉತ್ತರವೂ ನೇರವಾಗಿರಬೇಕಿತ್ತು. ಆಮೇಲೆ ಫೋನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಅದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಇಂಥ ಮಗು ಇರುವ ಮನೆ ನಮ್ಮ ಸೀಮೆಯಲ್ಲಿ ಇನ್ನೂ ಇರಬಹುದು.

ಪಾಪು ಅವಳ ಮಗ, ಈಗ ನಾಲ್ಕು ವರ್ಷ. ಹುಟ್ಟಿದಾಗಲೇ ಎಡಗಾಲಿನ ಮುಂಭಾಗದಲ್ಲಿ ಚರ್ಮ ಇರಲಿಲ್ಲ, ಕೆಂಪಗೆ ಮಾಂಸ ಕಾಣುತ್ತಿತ್ತು. ಎರಡನೇ ದಿನ ಡ್ರಿಪ್ ಸೂಜಿ ಅಲ್ಲಾಡದಿರಲಿ ಅಂತ ಕೈಗೆ ಟೇಪ್ ಹಾಕಿದರು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅವರು ಬೇಕಂತ ಮಾಡಿದ್ದಲ್ಲ, ಈ ಕಾಯಿಲೆ ನೋಡಿದವರೇ ಅಲ್ಲಿ ಇರಲಿಲ್ಲ. ಟೇಪ್ ಕಿತ್ತಾಗ ಅದರ ಜೊತೆಗೇ ಚರ್ಮವೂ ಬಂತು. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಬಂದ ಹಾಗೆ ಬಂತು ಅಂತ ಚಿಕ್ಕಮ್ಮ ಇವತ್ತಿಗೂ ಹೇಳಿ ಅಳುತ್ತಾರೆ. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದರು. ಚರ್ಮದ ಚೂರು, ರಕ್ತ ಎರಡೂ ಪರೀಕ್ಷೆಗೆ ಹೋಯಿತು. ಕಾಯಿಲೆಯ ಹೆಸರು ಎಪಿಡರ್ಮೋಲೈಸಿಸ್ ಬುಲ್ಲೋಸಾ. ಎಲ್ಲರೂ ಇ.ಬಿ. ಅಂತಾರೆ. ಅದರಲ್ಲೂ ಡಿಸ್ಟ್ರೋಫಿಕ್ ಅನ್ನುವ ಬಗೆ.

ಹೊರದೇಶಗಳಲ್ಲಿ ಇಂಥ ಮಕ್ಕಳನ್ನು ಚಿಟ್ಟೆ ಮಕ್ಕಳು ಅಂತ ಕರೆಯುತ್ತಾರೆ. ರೆಕ್ಕೆಯಷ್ಟು ಸೂಕ್ಷ್ಮ ಚರ್ಮ ಅಂತ. ನನಗೆ ನೆನಪಾಗೋದು ಹಾಲುತೊಂಡೆ ಬಂದ ಹುಳ. ಆ ರೋಗ ಬಂದ ಹುಳದ ಚರ್ಮ ಸುಮ್ನೆ ಬೆರಳು ತಾಗಿದರೂ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿದ್ದಕ್ಕೆ ಅಮ್ಮ ಬೈದಿದ್ದರು. ಅದು ವೈರಸ್ಸಿಂದ ಬರುವ ಅಂಟುರೋಗ. ಪಾಪುವಿನದು ಅಂಟುರೋಗ ಅಲ್ಲವೇ ಅಲ್ಲ. ಮುಟ್ಟಿದರೆ ಯಾರಿಗೂ ಬರುವುದಿಲ್ಲ. ಇದನ್ನು ನಮ್ಮ ಊರಲ್ಲೇ ಎಷ್ಟು ಸಲ ಹೇಳಿದೆನೋ.

ಈಗ ನನ್ನ ಕೆಲಸ. ನಾನು ವಿಜ್ಞಾನಿ ಅಲ್ಲ. ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಇಲಿ ಮನೆಯಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ಪಂಜರ ಬದಲಿಸುವುದು, ಮರಿ ಎಣಿಸುವುದು, 21 ದಿನಕ್ಕೆ ತಾಯಿಯಿಂದ ಬೇರೆ ಮಾಡುವುದು, ಗುರುತಿಗೆ ಕಿವಿಗೆ ಸಣ್ಣ ತೂತು ಹಾಕುವುದು, ಪಂಜರದ ಕಾರ್ಡ್ ಬರೆಯುವುದು. ಈ ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಹೊಸದು ಅನ್ನಿಸಿದ್ದು ಕಡಿಮೆ. ಕಾಲು, ಕೈ ಶುದ್ಧ ಮಾಡಿ ಒಳಗೆ ಹೋಗಬೇಕು. ಹೊರಗಿನವರು ಬರುವ ಹಾಗಿಲ್ಲ. ಬಿಸಿ, ತೇವ ದಿನಕ್ಕೆ ಎರಡು ಸಲ ಬರೆದಿಡಬೇಕು. ಒಂದು ಪಂಜರದಲ್ಲಿ ರೋಗ ಕಂಡರೆ ಇಡೀ ಕೋಣೆಗೆ ಭಯ. ಇದೆಲ್ಲ ಅಮ್ಮ ಹುಳದ ಮನೆಯಲ್ಲಿ ಮಾಡುತ್ತಿದ್ದದ್ದೇ. ಬೇರೆಯವರ ಹುಳದ ಮನೆಗೆ ಹೋಗಿ ಬಂದವರನ್ನು ಅಮ್ಮ ಜಗಲಿ ಮೇಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದರು. ನಮ್ಮ ಲ್ಯಾಬಲ್ಲೂ ಹಾಗೇ. ಊರಲ್ಲಿ ಅಟ್ಟದ ಮೇಲೆ ಚಿಟ್ಟಿಲಿ ಓಡಾಡುತ್ತವೆ. ಊರಿನಿಂದ ಬಂದವಳು ಸೀದಾ ಇಲಿ ಕೋಣೆಗೆ ಕಾಲಿಡುವ ಹಾಗಿಲ್ಲ.

ಹೊಸ ಮರಿಗಳನ್ನು ನೋಡುವುದು ನನಗೆ ಈಗಲೂ ಇಷ್ಟ. ಹುಟ್ಟಿದ ಇಲಿಮರಿ ಕಡಲೆಬೀಜಕ್ಕಿಂತ ಸ್ವಲ್ಪ ದಪ್ಪ, ಬೆರಳ ಗೆಣ್ಣಿನಷ್ಟು ಉದ್ದ. ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ಚರ್ಮ ಎಷ್ಟು ತೆಳು ಅಂದರೆ, ಹಾಲು ಕುಡಿದ ಮರಿಯ ಹೊಟ್ಟೆಯ ಎಡಭಾಗದಲ್ಲಿ ಬೆಳ್ಳಗೆ ಒಂದು ಮಚ್ಚೆ ಕಾಣುತ್ತದೆ. ಅದು ಹೊಟ್ಟೆಯೊಳಗಿನ ಹಾಲು. ಬೆಳಗ್ಗೆ ಪಂಜರ ತೆರೆದ ತಕ್ಷಣ ನಾನು ನೋಡೋದು ಆ ಬಿಳಿ ಮಚ್ಚೆಯನ್ನೇ. ಮಚ್ಚೆ ಇದ್ದರೆ ತಾಯಿ ಹಾಲು ಕೊಟ್ಟಿದ್ದಾಳೆ, ಮರಿ ಕುಡಿದಿದೆ ಅಂತ ಅರ್ಥ.

ಐದು ವರ್ಷದ ಹಿಂದೆ, ಪಾಪು ಹುಟ್ಟುವುದಕ್ಕೂ ಮೊದಲು, ನಮ್ಮಲ್ಲಿಗೆ ಚರ್ಮದ ಕಾಯಿಲೆ ಇರುವ ಒಂದು ತಳಿ ಬಂತು. ಅದರ ವಿವರ ಬರೆಯಲು ನನಗೆ ಅನುಮತಿ ಇಲ್ಲ, ಕೆಲಸ ನಡೆಯುತ್ತಿದೆ. ಆ ಮರಿಗಳಲ್ಲಿ ಕೆಲವಕ್ಕೆ ಹಾಲಿನ ಮಚ್ಚೆ ಇರುತ್ತಿರಲಿಲ್ಲ. ಬಾಯಿಯೊಳಗೂ ಬೊಬ್ಬೆ ಎದ್ದು ಹಾಲು ಚೀಪಲು ಆಗುತ್ತಿರಲಿಲ್ಲ. ಎರಡು ವರ್ಷ ಆದ ಮೇಲೆ ಪಾಪುವಿಗೆ ಅನ್ನ ತಿನ್ನಿಸಲು ಹೋಗಿ ಅವನು ಬಾಯಿ ಮುಚ್ಚಿಕೊಂಡು ಅತ್ತಾಗ, ನನಗೆ ಮೊದಲು ಕಣ್ಣಿಗೆ ಬಂದದ್ದು ಮಚ್ಚೆ ಇಲ್ಲದ ಆ ಹೊಟ್ಟೆಗಳು.

ನಮ್ಮ ದೇಹಕ್ಕೆ ಒಳಗೂ ಹೊರಗೂ ಒಂದು ಹೊದಿಕೆ ಇದೆ. ಚರ್ಮದ ಮೇಲ್ಪದರ, ಬಾಯಿಯ ಒಳಗೋಡೆ, ಅನ್ನನಾಳ, ಕರುಳು, ಶ್ವಾಸನಾಳ, ಎಲ್ಲದರ ಮೇಲೂ. ಎಪಿಥೀಲಿಯಂ ಅಂತಾರೆ. ಹೊರಗಿನ ಏಟು ಮೊದಲು ತಿನ್ನುವುದು ಅದೇ. ಆ ಹೊದಿಕೆ ಕೆಟ್ಟಾಗ ಏನಾಗುತ್ತದೆ ಅಂತ ತಿಳಿಯಲು ಇಲಿಗಳು ಮಾಡಿದಷ್ಟು ಸಹಾಯ ಬೇರೆ ಯಾವ ಪ್ರಾಣಿಯೂ ಮಾಡಿಲ್ಲ ಅಂತ ನನ್ನ ನಂಬಿಕೆ.

ಇ.ಬಿ.ಯಲ್ಲಿ ಒಂದು ಬಗೆಯ ಕಾರಣ ಗೊತ್ತಾದದ್ದೇ ಇಲಿಯಿಂದ. 1991ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಎಲೇನ್ ಫುಕ್ಸ್ ಅವರ ಲ್ಯಾಬಿನವರು ಕೆರಾಟಿನ್ 14 ಅನ್ನುವ ಪ್ರೊಟೀನಿನ ಜೀನ್ ಮೇಲೆ ಕೆಲಸ ಮಾಡುತ್ತಿದ್ದರು. ಚರ್ಮದ ಜೀವಕೋಶದ ಒಳಗೆ ಹಗ್ಗದ ಹಾಗೆ ಇದ್ದು ಅದಕ್ಕೆ ಗಟ್ಟಿತನ ಕೊಡುವುದು ಈ ಕೆರಾಟಿನ್. ಅವರು ಆ ಜೀನಿನ ತುದಿ ಕತ್ತರಿಸಿ ಇಲಿಗೆ ಹಾಕಿದರು. ಆ ಇಲಿಗಳ ಚರ್ಮ ಸ್ವಲ್ಪ ಉಜ್ಜಿದರೂ ಬೊಬ್ಬೆ ಎದ್ದಿತು. ಇದು ಮನುಷ್ಯರ ಯಾವ ಕಾಯಿಲೆಯ ಹಾಗಿದೆ ಅಂತ ಹುಡುಕಿದರು. ಇ.ಬಿ. ಸಿಂಪ್ಲೆಕ್ಸ್‌ಗೆ ಸರಿಹೊಂದಿತು. ಅದೇ ವರ್ಷ ರೋಗಿಗಳ ಜೀನ್ ನೋಡಿದರೆ ಅಲ್ಲೂ ಕೆರಾಟಿನ್ 14ರಲ್ಲಿ ತಪ್ಪು ಸಿಕ್ಕಿತು. ಸಾಮಾನ್ಯವಾಗಿ ರೋಗಿಯಿಂದ ಶುರು ಮಾಡಿ ಇಲಿಗೆ ಹೋಗುತ್ತಾರೆ. ಇಲ್ಲಿ ಇಲಿ ದಾರಿ ತೋರಿಸಿತು.

ಪಾಪುವಿನದು ಬೇರೆ ಜೀನ್. ಕೊಲಾಜೆನ್ 7. ಇದನ್ನು ತಂಗಿಗೆ ವಿವರಿಸಲು ನನಗೆ ಚಂದ್ರಿಕೆ, ಅಂದರೆ ಹುಳ ಗೂಡು ಕಟ್ಟಲು ಬಿಡುವ ತಟ್ಟೆ, ನೆನಪಾಯಿತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳವನ್ನು ಚಂದ್ರಿಕೆಗೆ ಬಿಟ್ಟಾಗ ಅದು ಸೀದಾ ಗೂಡು ಕಟ್ಟುವುದಿಲ್ಲ. ಮೊದಲು ಜಾಳು ಜಾಳಾಗಿ ನೂಲು ಬಿಟ್ಟು ಚಂದ್ರಿಕೆಗೆ ಕಟ್ಟಿಕೊಳ್ಳುತ್ತದೆ. ಗೂಡು ಬಿಡಿಸುವಾಗ ಸರ್ ಅಂತ ಸದ್ದು ಬರುತ್ತಲ್ಲ, ಅದು ಆ ನೂಲು ಕೀಳುವ ಸದ್ದು. ಆ ನೂಲೇ ಇಲ್ಲದಿದ್ದರೆ ಗೂಡು ಎಷ್ಟೇ ಗಟ್ಟಿ ಇರಲಿ, ಚಂದ್ರಿಕೆ ಅಲ್ಲಾಡಿಸಿದರೆ ಉದುರಿ ಬೀಳುತ್ತದೆ. ನಮ್ಮ ಚರ್ಮದ ಮೇಲ್ಪದರ ಗೂಡಾದರೆ, ಕೆಳಪದರ ಚಂದ್ರಿಕೆ. ಎರಡನ್ನೂ ಕಟ್ಟಿ ಹಿಡಿಯುವ ನೂಲು ಕೊಲಾಜೆನ್ 7. ಪಾಪುವಿನಲ್ಲಿ ಅದು ಸರಿಯಾಗಿ ಆಗುತ್ತಿಲ್ಲ.

"ಹಾಗಾದ್ರೆ ಅವನ ಚರ್ಮ ಗಟ್ಟಿಯಾಗೇ ಇದೆ. ಕಟ್ಟು ಇಲ್ಲ, ಅಷ್ಟೇ," ಅಂದಳು. ನಾನು ಹತ್ತು ಸಲ ಓದಿ ಅರ್ಥ ಮಾಡಿಕೊಂಡದ್ದನ್ನು ಅವಳು ಒಂದೇ ಮಾತಿಗೆ ಹಿಡಿದಳು.

ಇದು ತಂದೆ ತಾಯಿ ಇಬ್ಬರಿಂದಲೂ ಆ ಜೀನಿನ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಬಗೆ. ಅವಳು ಮದುವೆಯಾದದ್ದು ಸೋದರಮಾವನನ್ನು. ನಮ್ಮ ಕಡೆ ಇದು ಮಾಮೂಲಿ, ನಮ್ಮ ಅಜ್ಜಿಯೂ ಹಾಗೇ ಆದವರು. ಒಂದೇ ಮನೆತನದಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಲ್ಯಾಬಿನ ಇಲಿ ತಳಿಗಳನ್ನು ಅಣ್ಣ ತಂಗಿ ಕೂಡಿಸಿ 20 ತಲೆಮಾರು ದಾಟಿಸಿ ಮಾಡಿರುತ್ತಾರೆ, ಹಾಗಾಗಿ ಕಾರ್ಡಿನ ಮೇಲೆ ಈ ಲೆಕ್ಕ ನನಗೆ ದಿನನಿತ್ಯದ ಕೆಲಸ. ಮನೆಯಲ್ಲಿ ಅದೇ ಲೆಕ್ಕ ಹೇಳುವಾಗ ಗಂಟಲು ಕಟ್ಟಿತು. ಯಾರ ತಪ್ಪೂ ಅಲ್ಲ ಅಂತ ಮೊದಲು ಹೇಳಿ, ಆಮೇಲೆ ಲೆಕ್ಕ ಹೇಳಿದೆ. ಇನ್ನೊಂದು ಮಗು ಬೇಕು ಅನ್ನುವ ಮುಂಚೆ ಜೆನೆಟಿಕ್ಸ್ ಡಾಕ್ಟರ ಹತ್ತಿರ ಮಾತಾಡಿ ಅಂದೆ. ಬಸಿರಿನಲ್ಲೇ ಪರೀಕ್ಷೆ ಮಾಡಲು ದಾರಿ ಇದೆ.

ಕೊಲಾಜೆನ್ 7 ಇಲ್ಲದ ಇಲಿಗಳ ಕಥೆ ಹೇಳಲೇಬೇಕು. 1999ರಲ್ಲಿ ಆ ಜೀನನ್ನು ಪೂರ್ತಿ ತೆಗೆದ ಇಲಿಗಳ ಬಗ್ಗೆ ವರದಿ ಬಂತು. ಮರಿಗಳು ಮೈಯೆಲ್ಲ ಬೊಬ್ಬೆಯಾಗಿ ಎರಡು ವಾರದೊಳಗೆ ಸತ್ತುಹೋದವು. ಎರಡು ವಾರ ಬದುಕುವ ಇಲಿಯಲ್ಲಿ ಏನು ಔಷಧಿ ನೋಡಲಾಗುತ್ತದೆ? ಜರ್ಮನಿಯ ಫ್ರೈಬರ್ಗ್‌ನವರು 2008ರಲ್ಲಿ ಬೇರೆ ಥರದ ಇಲಿ ಮಾಡಿದರು. ಅದರಲ್ಲಿ ಕೊಲಾಜೆನ್ 7 ಮಾಮೂಲಿಯ ಸುಮಾರು ನೂರಕ್ಕೆ ಹತ್ತರಷ್ಟು ಇತ್ತು. ಈ ಇಲಿಗಳು ಬದುಕಿದವು. ಮೆತ್ತಗಿನ ಆಹಾರ ಕೊಟ್ಟರೆ ಇನ್ನೂ ಚೆನ್ನಾಗಿ ಬದುಕಿದವು. ಬದುಕಿದ್ದರಿಂದಲೇ ಇನ್ನೊಂದು ವಿಷಯ ಕಂಡಿತು. ಅವುಗಳ ಮುಂಗಾಲಿನ ಬೆರಳುಗಳು ಗಾಯ ಆಗಿ, ಮಾಗಿ, ಮತ್ತೆ ಗಾಯ ಆಗಿ, ಕೊನೆಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವು.

ಆ ಪಂಜಗಳ ಫೋಟೋ ನಾನು ನೋಡಿದ್ದೇನೆ. ಬೆರಳು, ಉಗುರು ಕಾಣಬೇಕಾದ ಕಡೆ ಒಂದು ನುಣುಪಾದ ಗುಪ್ಪೆ. ಹೋದ ವರ್ಷ ಪಾಪುವಿನ ಬಲಗೈ ಕಿರುಬೆರಳು ಪಕ್ಕದ ಬೆರಳಿಗೆ ಅರ್ಧದವರೆಗೆ ಅಂಟಿದೆ ಅಂತ ಕಂಡಾಗ, ನನಗೆ ಆ ಫೋಟೋ ನೆನಪಾಗಿ ಕೂತಲ್ಲೇ ಮೈ ತಣ್ಣಗಾಯಿತು. ಈ ಕಾಯಿಲೆಯ ಮಕ್ಕಳಿಗೆ ಆಗುವುದೂ ಅದೇ. ಇಲಿಯಲ್ಲಿ ಕಂಡದ್ದು ಪೂರ್ತಿ ನಿಜ ಆಗಿತ್ತು.

ಅದೇ ಥರದ ಇಲಿಗಳಿಗೆ 2015ರಲ್ಲಿ ಲೊಸಾರ್ಟನ್ ಕೊಟ್ಟು ನೋಡಿದರು. ಗಾಯ ಮಾಗಿದ ಜಾಗ ಗಟ್ಟಿಯಾಗಿ ಎಳೆದುಕೊಳ್ಳುವುದು ಕಡಿಮೆಯಾಯಿತು, ಬೆರಳು ಅಂಟುವುದು ನಿಧಾನವಾಯಿತು. ಲೊಸಾರ್ಟನ್ ಯಾವುದು ಗೊತ್ತಲ್ಲ, ಬಿ.ಪಿ. ಮಾತ್ರೆ. ನಮ್ಮ ಅಪ್ಪ ಬೆಳಗ್ಗೆ ಎದ್ದ ತಕ್ಷಣ ನುಂಗುವ ಮಾತ್ರೆಯ ಪಟ್ಟಿಯ ಮೇಲೆ ಅದೇ ಹೆಸರು. ವಾಟ್ಸಾಪ್ ಸುದ್ದಿಯಲ್ಲಿದ್ದದ್ದೂ ಇದೇ ಕಥೆ, ಹಳೇ ಸುದ್ದಿ, ಹೊಸದಾಗಿ ಓಡಾಡುತ್ತಿತ್ತು.

ಫೋನಿನಲ್ಲಿ ಇದನ್ನು ಹೇಳಿದ ಮೇಲೆ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಕ್ಕ, ದೊಡ್ಡಪ್ಪನ ಮಾತ್ರೆ ಅರ್ಧ ಮುರಿದು ಕೊಟ್ಟರೆ ಏನಾದ್ರೂ ಆಗತ್ತಾ?"

ನನಗೆ ಕೈಕಾಲು ನಡುಗಿತು. ನಾನು ಹೇಳದೇ ಇದ್ದಿದ್ದರೆ, ಸುದ್ದಿ ಓದಿ ಅವಳೇ ಕೊಟ್ಟುಬಿಟ್ಟಿದ್ದರೆ? ಕೊಡಬೇಡ, ಆಣೆ ಮಾಡು ಅಂದೆ. ಇಲಿಯ ತೂಕ 20, 25 ಗ್ರಾಂ. ಅದರ ಹೃದಯ ನಿಮಿಷಕ್ಕೆ 500ಕ್ಕಿಂತ ಜಾಸ್ತಿ ಬಡಿಯುತ್ತದೆ. ಅದಕ್ಕೆ ಕೊಟ್ಟ ಲೆಕ್ಕವನ್ನು ಮಗುವಿನ ತೂಕಕ್ಕೆ ಗುಣಿಸಿ ಕೊಡಲು ಬರುವುದಿಲ್ಲ. ಆ ಮಾತ್ರೆ ರಕ್ತದ ಒತ್ತಡ ಇಳಿಸುತ್ತದೆ, ಮೂತ್ರಪಿಂಡಕ್ಕೂ ತೊಂದರೆ ಮಾಡಬಹುದು. ಸರಿಯಾಗಿ ಉಣ್ಣಲಾಗದ ಮಗುವಿಗೆ ಅದು ಆಟದ ವಿಷಯ ಅಲ್ಲ. ಇ.ಬಿ. ಮಕ್ಕಳಿಗೆ ಅದನ್ನು ಕೊಟ್ಟು ನೋಡುವ ಪರೀಕ್ಷೆ ಯುರೋಪಿನಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದಿದೆ. ಪ್ರತಿ ಹೆಜ್ಜೆಗೂ ಬಿ.ಪಿ. ನೋಡಿ, ರಕ್ತ ಪರೀಕ್ಷೆ ಮಾಡಿ ಮುಂದೆ ಹೋಗಿದ್ದಾರೆ. ಓದುವವರಿಗೂ ಕೈ ಮುಗಿದು ಹೇಳ್ತೀನಿ, ಇಂಥ ಸುದ್ದಿ ನೋಡಿ ಮನೆಯಲ್ಲಿರುವ ಮಾತ್ರೆ ಮುಟ್ಟಬೇಡಿ. ಕೇಳಬೇಕಾದ್ದು ಡಾಕ್ಟರನ್ನು.

ಇಲಿಯ ಚರ್ಮಕ್ಕೂ ನಮ್ಮ ಚರ್ಮಕ್ಕೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕುತ್ತಿಗೆ ಹಿಂದೆ ಹಿಡಿದರೆ ಇಲಿಯ ಚರ್ಮ ದೊಗಲೆ ಅಂಗಿಯ ಹಾಗೆ ಎದ್ದು ಬರುತ್ತದೆ. ಅದರ ಮೇಲ್ಪದರದಲ್ಲಿ ಎರಡು ಮೂರು ಸಾಲು ಜೀವಕೋಶ ಅಷ್ಟೇ, ನಮಗೆ ಅದಕ್ಕಿಂತ ತುಂಬ ಜಾಸ್ತಿ. ಮೈತುಂಬ ಕೂದಲು. ಬೆವರಿನ ಗ್ರಂಥಿ ಪಾದದ ಅಡಿಯಲ್ಲಿ ಮಾತ್ರ. ಚರ್ಮದ ಕೆಳಗೆ ತೆಳ್ಳಗೆ ಒಂದು ಮಾಂಸದ ಹಾಳೆ ಇದೆ. ಹಸು ಮೈಮೇಲೆ ನೊಣ ಕೂತಾಗ ಚರ್ಮ ಮಾತ್ರ ಜುಮ್ಮೆಂದು ಅಲುಗಿಸುತ್ತದಲ್ಲ, ಅಂಥದ್ದು. ನಮಗೆ ಅದು ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಇಲಿಯ ಬೆನ್ನ ಮೇಲೆ ಗಾಯ ಆದರೆ ಆ ಹಾಳೆ ಎಳೆದುಕೊಂಡು ಗಾಯದ ಬಾಯಿ ಮುಚ್ಚಿಬಿಡುತ್ತದೆ, ಸಂಚಿಯ ಬಾಯಿಗೆ ದಾರ ಎಳೆದ ಹಾಗೆ. ನಮ್ಮ ಗಾಯ ಹೆಚ್ಚಾಗಿ ಅಂಚಿನಿಂದ ಹೊಸ ಚರ್ಮ ಹಬ್ಬಿ ಮಾಗಬೇಕು. ಇದು ಗೊತ್ತಿಲ್ಲದೆ ಮುಲಾಮು ಹಚ್ಚಿ ನೋಡಿದರೆ, ಮುಲಾಮಿನಿಂದ ವಾಸಿಯಾಯಿತೋ ಇಲಿ ತಾನೇ ಎಳೆದುಕೊಂಡು ಮುಚ್ಚಿತೋ ಹೇಳುವುದು ಕಷ್ಟ. ಅದಕ್ಕೇ ಗಾಯದ ಸುತ್ತ ಸಿಲಿಕೋನಿನ ಒಂದು ಉಂಗುರ ಅಂಟಿಸಿ, ಹೊಲಿಗೆ ಹಾಕಿ, ಎಳೆದುಕೊಳ್ಳದ ಹಾಗೆ ಮಾಡುತ್ತಾರೆ. ಆ ಉಂಗುರ ಜಾರಿದೆಯಾ ಅಂತ ಬೆಳಗ್ಗೆ ಸಂಜೆ ನೋಡುವುದು ನನ್ನ ಪಾಲಿನ ಕೆಲಸ. ಒಂದು ಕಡೆ ಬಿಚ್ಚಿದರೂ ಆ ಇಲಿಯ ಲೆಕ್ಕ ಹೋದ ಹಾಗೆ.

ಬೇರೆ ಹೊದಿಕೆಗಳಲ್ಲೂ ಇಲಿಗೂ ನಮಗೂ ಹೀಗೇ ವ್ಯತ್ಯಾಸ ಕಂಡಿದೆ. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಕಾಯಿಲೆಯ ಜೀನ್ 1989ರಲ್ಲಿ ಸಿಕ್ಕಿತು, 1992ರಲ್ಲಿ ಅದನ್ನು ಕೆಡಿಸಿದ ಇಲಿ ಬಂತು. ಮನುಷ್ಯರಿಗೆ ಆ ಕಾಯಿಲೆಯಲ್ಲಿ ಶ್ವಾಸಕೋಶವೇ ಹಾಳಾಗುತ್ತದೆ. ಇಲಿಗಳಿಗೆ ಕರುಳು ಕಟ್ಟಿತು, ಶ್ವಾಸಕೋಶಕ್ಕೆ ಅಂಥದ್ದೇನೂ ಆಗಲಿಲ್ಲ. ಬಾಯಿ ಕ್ಯಾನ್ಸರ್ ವಿಷಯ ನನಗೆ ಇನ್ನೂ ಹತ್ತಿರದ್ದು. ನಮ್ಮ ಕೋಲಾರ ಸೀಮೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೆನ್ನೆಯಲ್ಲಿ ಒತ್ತಿಕೊಂಡು ರಾತ್ರಿ ಹಾಗೇ ಮಲಗುವ ಹೆಂಗಸರು ಎಷ್ಟು ಜನ. ಕ್ಯಾನ್ಸರ್ ಬರೋದು ಆ ಕೆನ್ನೆಯ ಒಳಗೋಡೆಗೇ. ಇಲಿಯಲ್ಲಿ ಬಾಯಿ ಕ್ಯಾನ್ಸರ್ ಅಭ್ಯಾಸ ಮಾಡಲು ಕುಡಿಯುವ ನೀರಿಗೆ ವಾರಗಟ್ಟಲೆ ಒಂದು ರಾಸಾಯನಿಕ ಬೆರೆಸುತ್ತಾರೆ. ಗಡ್ಡೆ ಹೆಚ್ಚಾಗಿ ಏಳೋದು ನಾಲಿಗೆಗೆ, ಅನ್ನನಾಳಕ್ಕೆ. ಹತ್ತಿರ ಬರುತ್ತದೆ, ಆದರೆ ನಮ್ಮ ಅಜ್ಜಿಯ ಕೆನ್ನೆ ಅಲ್ಲ.

ಹಾಗಂತ ಇಲಿಯಿಂದ ಮನುಷ್ಯರಿಗೆ ಏನೂ ಬಂದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. 1975ರಲ್ಲಿ ಅಮೆರಿಕದಲ್ಲಿ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯರ ಚರ್ಮದ ಜೀವಕೋಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಅವು ಬರೀ ತಟ್ಟೆಯಲ್ಲಿ ಬೆಳೆಯಲು ಒಪ್ಪಲಿಲ್ಲ. ಕೆಳಗೆ ಇಲಿಯ ಜೀವಕೋಶದ ಹಾಸಿಗೆ ಹಾಸಿದ ಮೇಲೆ ಬೆಳೆದವು. ಅದೇ ದಾರಿಯಲ್ಲಿ ಮುಂದೆ ಹೋಗಿ, ಇಟಲಿಯ ಮಿಕೇಲೆ ಡಿ ಲೂಕಾ ಅವರ ತಂಡ ಜರ್ಮನಿಯ ಡಾಕ್ಟರುಗಳ ಜೊತೆ ಸೇರಿ ಏಳು ವರ್ಷದ ಒಬ್ಬ ಹುಡುಗನನ್ನು ಉಳಿಸಿತು. ಅವನಿಗೂ ಇ.ಬಿ., ಬೇರೆ ಬಗೆ. ಮೈಮೇಲಿನ ಚರ್ಮ ಬಹುಪಾಲು ಹೋಗಿತ್ತು. ಅವನದೇ ಜೀವಕೋಶ ತೆಗೆದು, ಜೀನ್ ಸರಿಮಾಡಿ, ಹಾಳೆ ಹಾಳೆಯಾಗಿ ಬೆಳೆಸಿ, ಮೈಯ ಸುಮಾರು ನೂರಕ್ಕೆ ಎಂಬತ್ತು ಭಾಗಕ್ಕೆ ಹೊದಿಸಿದರು. 2017ರಲ್ಲಿ ಅದನ್ನು ಪ್ರಕಟಿಸಿದಾಗ ಆ ಹುಡುಗ ಶಾಲೆಗೆ ಹೋಗುತ್ತಿದ್ದ. ಇದನ್ನು ಕೇಳಿ ಫೋನಿನ ಆ ಕಡೆ ತಂಗಿ ಅತ್ತಳು, ಈ ಕಡೆ ನಾನು.

ಪಾಪುವಿನ ಬಗೆಗೇ ಆದ ಔಷಧಿಯೂ ಬಂದಿದೆ. ಕೊಲಾಜೆನ್ 7ರ ಸರಿಯಾದ ಜೀನನ್ನು ತೊಂದರೆ ಮಾಡದ ಹಾಗೆ ಮಾಡಿದ ಒಂದು ವೈರಸ್ಸಿನಲ್ಲಿ ಇಟ್ಟು, ಜೆಲ್ ಮಾಡಿ, ವಾರಕ್ಕೊಂದು ಸಲ ಗಾಯದ ಮೇಲೆ ಹನಿ ಹನಿಯಾಗಿ ಹಾಕುವುದು. ಮೊದಲು ಇಲಿಗಳಲ್ಲಿ ನೋಡಿ, ಆಮೇಲೆ ಮನುಷ್ಯರಲ್ಲಿ ನೋಡಿದರು. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಾಯ ಮುಚ್ಚುತ್ತದೆ. ಆದರೆ ಚರ್ಮದ ಜೀವಕೋಶಗಳು ಹುಟ್ಟಿ ಉದುರುತ್ತಲೇ ಇರುವುದರಿಂದ ಮತ್ತೆ ಮತ್ತೆ ಹಾಕಬೇಕು. ಬೆಲೆ ನಮ್ಮಂಥವರು ಕನಸಲ್ಲೂ ಎಣಿಸುವಂಥದ್ದಲ್ಲ. ಜೀನ್ ಪತ್ತೆಯಾದದ್ದು ತೊಂಬತ್ತರ ದಶಕದ ಮೊದಲಲ್ಲಿ. ಜೆಲ್ ಬಂದದ್ದು ಮೂವತ್ತು ವರ್ಷ ಆದ ಮೇಲೆ. "ಯಾವಾಗ" ಅನ್ನುವ ಅವಳ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದು. ದಾರಿ ನಿಜ, ಉದ್ದ ಜಾಸ್ತಿ, ಶಿಡ್ಲಘಟ್ಟಕ್ಕೆ ಇನ್ನೂ ಬಂದಿಲ್ಲ.

ಇಲಿ ಮನೆಯಿಂದ ನಮ್ಮ ಮನೆಗೆ ಆಗಲೇ ಬಂದಿರುವುದು ಒಂದು ಇದೆ. ಎತ್ತಿಕೊಳ್ಳುವ ರೀತಿ. ಮೊದಲೆಲ್ಲ ನಾವು ಇಲಿಯನ್ನು ಬಾಲ ಹಿಡಿದು ಎತ್ತುತ್ತಿದ್ದೆವು. ಬಾಲ ಹಿಡಿದರೆ ಇಲಿಗೆ ಭಯ ಜಾಸ್ತಿ, ಅಂಗೈಯಲ್ಲಿ ಮೊಗೆದು ಎತ್ತಿದರೆ ಅಥವಾ ಕೊಳವೆಯೊಳಗೆ ತಾನೇ ಬರುವ ಹಾಗೆ ಮಾಡಿದರೆ ಶಾಂತವಾಗಿರುತ್ತದೆ ಅಂತ ಇಂಗ್ಲೆಂಡಿನ ಲಿವರ್‌ಪೂಲ್‌ನವರು 2010ರಲ್ಲಿ ತೋರಿಸಿದರು. ಬೊಬ್ಬೆಯ ತಳಿ ಬಂದ ಮೇಲೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಹಿಡಿದರೆ ಚರ್ಮ ಜಾರುತ್ತದೆ. ಎರಡೂ ಅಂಗೈ ಕೆಳಗಿಟ್ಟು, ಅದರ ಭಾರ ಪೂರ್ತಿ ಕೈಮೇಲೆ ಬಂದ ಮೇಲೆ ಎತ್ತಬೇಕು. ಎಳೆಯಬಾರದು, ಉಜ್ಜಬಾರದು. ಒತ್ತಿದರೆ ಅಷ್ಟು ತೊಂದರೆ ಇಲ್ಲ, ಉಜ್ಜುವುದೇ ಅಪಾಯ. ಪಾಪುವನ್ನು ಮೊದಲು ಎಲ್ಲರೂ ಕಂಕುಳಲ್ಲಿ ಕೈ ಹಾಕಿ ಎತ್ತುತ್ತಿದ್ದರು, ಎತ್ತಿದಾಗೆಲ್ಲ ಅಲ್ಲಿ ಬೊಬ್ಬೆ. ನಾನು ತೋರಿಸಿಕೊಟ್ಟೆ. ಒಂದು ಕೈ ಕುಂಡಿ ಕೆಳಗೆ, ಒಂದು ಕೈ ಕುತ್ತಿಗೆ ಹಿಂದೆ, ಮೊಗೆದು ಎತ್ತು. ಅವನು ನಡೆಯಲು ಕಲಿಯುವ ಹೊತ್ತಿಗೆ ಕಂಕುಳು ಮಾಗಿತ್ತು. ಅಂಗಿ ಒಳಗು ಹೊರಗು ಮಾಡಿ ಹಾಕುತ್ತಾರೆ, ಹೊಲಿಗೆ ಮೈಗೆ ತಾಗದ ಹಾಗೆ. ಮುದ್ದೆಯನ್ನು ಸಾರಿನಲ್ಲಿ ಗಂಜಿಯ ಹಾಗೆ ಕಿವುಚಿ, ಆರಿಸಿ ಕೊಡುತ್ತಾರೆ. ಪಂಜರದಲ್ಲಿ ನಾನು ಆಹಾರದ ಉಂಡೆಯನ್ನು ನೀರಲ್ಲಿ ನೆನೆಸಿ ನೆಲದ ಮೇಲೇ ಇಡುವುದಕ್ಕೂ ಇದಕ್ಕೂ ನನ್ನ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ದಿನ ತಂಗಿ ಕೇಳಿದಳು. "ಆ ಇಲಿಗಳು ಕೊನೆಗೆ ಏನಾಗ್ತಾವೆ ಅಕ್ಕ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕೆಲಸ ಮುಗಿದ ಮೇಲೆ ನೋವಾಗದ ಹಾಗೆ ಮುಗಿಸುತ್ತೇವೆ ಅಂದೆ. ತೂಕ ಒಂದು ಮಟ್ಟಕ್ಕಿಂತ ಇಳಿದರೆ ಕೆಲಸ ಮುಗಿಯುವವರೆಗೂ ಕಾಯುವುದಿಲ್ಲ, ಆವತ್ತೇ. ಎಷ್ಟು ಇಲಿ, ಯಾಕೆ, ಬೇರೆ ದಾರಿ ಇಲ್ಲವಾ ಅಂತ ಸಮಿತಿಗೆ ಬರೆದುಕೊಟ್ಟು ಒಪ್ಪಿಗೆ ತೆಗೆದುಕೊಳ್ಳದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ. ಮುಗಿಸುವ ದಿನ ಆ ಕಾರ್ಡನ್ನು ನಾನು ಬೇರೆಯವರ ಕೈಗೆ ಕೊಡುವುದಿಲ್ಲ, ನಾನೇ ಬರೆಯುತ್ತೇನೆ. ಸಾಕಿದವಳು ನಾನು.

ಅವಳು ಏನೂ ಹೇಳಲಿಲ್ಲ. ಮಾರನೇ ದಿನ ಒಂದು ಮೆಸೇಜ್ ಕಳಿಸಿದಳು. ಹುಳ ಬಿಸಿನೀರಿಗೆ ಹೋಗದೆ ನೂಲು ಬರಲ್ಲ ಅಲ್ವಾ ಅಕ್ಕ, ನಾವು ಅದರಲ್ಲೇ ತಾನೇ ಉಂಡು ಬೆಳೆದಿದ್ದು ಅಂತ. ಆ ಮೆಸೇಜನ್ನು ನಾನು ಅಳಿಸಿಲ್ಲ.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಗೂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಹೋಗಿ ಮಾರಾಟ ಆಗಿತ್ತು. ಹುಳದ ಮನೆ ಖಾಲಿ, ತೊಳೆದು ಬ್ಲೀಚಿಂಗ್ ಹೊಡೆದಿದ್ದರು, ವಾಸನೆ ಜಗಲಿಯವರೆಗೂ ಬರುತ್ತಿತ್ತು. ಚರ್ಮಕ್ಕೆ ಅಂಟಿಕೊಳ್ಳದ ಪಟ್ಟಿ ಒಂದು ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದೆ. ಬೆರಳು ಬೆರಳಿಗೂ ಬೇರೆ ಬೇರೆ ಪಟ್ಟಿ ಸುತ್ತಿದರೆ ಅಂಟುವುದು ನಿಧಾನವಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಜಗಲಿ ಮೇಲೆ ಬೆಳಕಿನಲ್ಲಿ ಕೂತು ಸುತ್ತಿದೆವು. ವ್ಯಾಸಲೀನ್ ಹಚ್ಚಿ, ಬೆರಳ ಸಂದಿಗೆ ಸಣ್ಣ ಚೂರು ಇಟ್ಟು, ಬುಡದಿಂದ ತುದಿಗೆ. ಎಳೆಯದ ಹಾಗೆ. ಬಲಗೈಗೆ ಮುಕ್ಕಾಲು ಗಂಟೆ ಹಿಡಿಯಿತು. ಪಾಪು ಎರಡು ಸಲ ಅತ್ತ, ಎರಡು ಸಲ ನಿಲ್ಲಿಸಿದೆವು. ಎಡಗೈ ತಂಗಿ ಒಬ್ಬಳೇ ಸುತ್ತಿದಳು, ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಮುಗಿದ ಮೇಲೆ ಪಾಪು ಸೀಮೆಸುಣ್ಣ ಕೇಳಿದ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಹುಳದ ಮನೆಯ ತೊಳೆದ ನೆಲದ ಮೇಲೆ ಕೂತು ಗೆರೆ ಎಳೆಯಲು ಶುರು ಮಾಡಿದ. ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ, ಬರುವುದು ಗುರುವಾರ. ಅಲ್ಲಿಯವರೆಗೆ ಆ ನೆಲ ಅವನದೇ ಅಂತ ಅಮ್ಮ ಹೇಳಿದರು.